ಮಂಟಪಕ್ಕೆ ಕೈಹಿಡಿದು ತರುವವರು

ಜೆ.ಪಿ. ನಗರ, ಬೆಂಗಳೂರು
6 ಮೇ 2025

ಪೂಜ್ಯ ಬಸವಂತ ಮಾವನವರಿಗೆ ನಿಮ್ಮ ತಂಗಿಯ ಮಗಳು ಶ್ರೀದೇವಿಯ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ಮೆಟ್ಟಿಲು ಹತ್ತುವಾಗ ಕಷ್ಟವಾಗುತ್ತದೆ ಎಂದು ಅವ್ವ ಹೇಳಿದಳು. ಹತ್ತಬೇಡಿ ಮಾವ, ಕೆಳಗೇ ಇರಿ. ದಾನಮ್ಮ ಅತ್ತೆಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಾನು ಚೆನ್ನಾಗಿದ್ದೇನೆ. ಜಯನಗರದ ಅದೇ ಸೀರೆ ಅಂಗಡಿಯಲ್ಲಿ ಈಗ ರೇಷ್ಮೆ ಸೀರೆಗಳ ಕೌಂಟರು ನನ್ನದು. ಇದೇ ಇಪ್ಪತ್ತೆಂಟಕ್ಕೆ ಬನಶಂಕರಿಯ ಛತ್ರದಲ್ಲಿ ನನ್ನ ಮದುವೆ. ಇದು ನಿಮಗೂ ಗೊತ್ತು. ಹೋದ ವಾರ ನೀವು ಅವ್ವನಿಗೆ ಫೋನ್ ಮಾಡಿ, “ಸ್ವಾದರಮಾವ ನಾ ಜೀವಂತ ಇರೂಮಟ ನಮ್ಮ ಹುಡುಗಿ ಕೈ ಮತ್ತೊಬ್ರು ಹಿಡೀತಾರೇನು? ನಾನ ಕರಕೊಂಡು ಬರ್ತೀನಿ ಮಂಟಪಕ್ಕ” ಎಂದಿರಂತೆ. ಅವ್ವ ಸಂತೋಷದಿಂದ ಅತ್ತಳು. ಆ ಮಾತಿಗೆ ಉತ್ತರ ಕೊಡಲೆಂದೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀವು ನಡುವೆ ಕತ್ತರಿಸುತ್ತೀರಿ. ಕಾಗದವನ್ನು ಕೊನೆಯವರೆಗೆ ಓದಲೇಬೇಕು.

ನಿಮ್ಮನ್ನು ಹೆತ್ತ ಆಯಿ ಕತೆ ಹೇಳುವಾಗ ಎದುರಿಗೆ ಕೂತವರು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಚಿಕ್ಕವರಿದ್ದಾಗ ನೀವು ಎಷ್ಟು ಹೂಂಗುಟ್ಟಿದ್ದೀರೋ, ನಿಮ್ಮ ಹಿಂದೆ ನಾನೂ ಅಷ್ಟೇ ಹೂಂಗುಟ್ಟಿ ಬೆಳೆದೆ. ಇವತ್ತು ನಾನು ಹೇಳುತ್ತೇನೆ, ನೀವು ಹೂಂ ಅನ್ನಿ.

ಐದು ವರ್ಷದ ಹಿಂದೆ, ಕೊರೊನಾ ಬಂದು ಊರಿಗೆಲ್ಲ ಬೀಗ ಬಿದ್ದ ಮಾರ್ಚ್ ತಿಂಗಳು. ನನಗೆ ಹತ್ತೊಂಬತ್ತು, ನನ್ನ ಜೊತೆ ಬಿಟಿಎಂ ಲೇಔಟಿನ ಪಿಜಿಯಲ್ಲಿ ಒಂದೇ ಕೋಣೆಯಲ್ಲಿದ್ದ ಸಿರಿಗೆ ಹದಿನೆಂಟು. ಪಿಜಿಯವನು ಬಾಗಿಲಲ್ಲಿ ನಿಂತು, “ಇವತ್ತೇ ಖಾಲಿ ಮಾಡ್ರಮ್ಮಾ, ನಾಳೆ ಬೀಗ ಹಾಕ್ತೀನಿ. ಎಲ್ಲಾರೂ ಊರಿಗೆ ಹೋಗ್ತಾವ್ರೆ, ನಿಮ್ಗೇನ್ ರೋಗ?” ಎಂದ. ಬಸ್ಸಿಗೆ ಹೊರಡುವಷ್ಟರಲ್ಲಿ ಬಸ್ಸುಗಳೇ ನಿಂತವು. ಸಿರಿಗಂತೂ ಹೋಗಲು ಊರೇ ಇರಲಿಲ್ಲ. ಮಲತಂದೆಯ ಕೈಗೆ ಹೆದರಿ ಬಿಟ್ಟುಬಂದ ಮನೆ ಅದು. ನಾನು ಅವಳ ಬೆನ್ನು ತಟ್ಟಿದೆ. “ಅಳಬೇಡ ಕಣೇ, ಶ್ರೀನಗರದಲ್ಲಿ ನಮ್ಮ ಮಾವ ಇದ್ದಾನೆ. ನಮ್ಮ ಕಡೆ ಸೋದರಮಾವ ಅಂದರೆ ಅರ್ಧ ಅಪ್ಪ” ಎಂದೆ. ಬ್ಯಾಗು ಹೊತ್ತುಕೊಂಡು ಆ ಉರಿಬಿಸಿಲಿನಲ್ಲಿ ನಡೆದೆವು. ದಾರಿಯುದ್ದಕ್ಕೂ ನಿಮ್ಮ ಗುಣಗಾನ ಮಾಡಿದೆ ಮಾವ. ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಿಂದಗಿಯ ಸಂತೆ ಸುತ್ತಿಸಿದ್ದನ್ನೂ ಹೇಳಿದೆ. ನಡೆದು ನಡೆದು ಚಪ್ಪಲಿ ಕಿತ್ತಿತು. ನಗುತ್ತಾ ಅದನ್ನು ಕೈಯಲ್ಲಿ ಹಿಡಿದುಕೊಂಡೆ.

ನೀವು ಮಹಡಿಯ ಬಾಲ್ಕನಿಯಲ್ಲಿ ನಿಂತಿದ್ದಿರಿ, ಮೂಗಿಗೆ ಟವೆಲು ಸುತ್ತಿಕೊಂಡು. “ಯಾಕ ಬಂದಿ? ಊರಿಗೆ ಹೋಗಬೇಕಿತ್ತಲ್ಲ?” ಎಂದಿರಿ. ಬಸ್ಸಿಲ್ಲ ಮಾವ ಎಂದೆ. “ಪೊಲೀಸರಿಗೆ ಕೇಳು, ಅವರ ಕಳಸ್ತಾರ” ಎಂದಿರಿ. ನಿಮ್ಮ ಹಿಂದಿನಿಂದ ಅತ್ತೆಯ ದನಿ ಬಂತು: “ಆ ಇನ್ನೊಂದು ಯಾರದು? ಎಲ್ಲೆಲ್ಲಿ ಅಡ್ಡಾಡಿ ಬಂದಾವೋ ಏನೋ. ನನಗ ಸಕ್ರಿ ಬ್ಯಾನಿ ಐತಿ, ಗೇಟ್ ತಗೀಬ್ಯಾಡ್ರಿ.” ನಾನು ನೀರು ಕೇಳಿದೆ. ಚೀಲದಲ್ಲಿ ಬಾಟಲಿಯಿಟ್ಟು ಹಗ್ಗಕ್ಕೆ ಕಟ್ಟಿ ಇಳಿಸಿದಿರಿ. ಹೆದರಿದ್ದರು, ಇರಲಿ ಎಂದು ನಾನು ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆ ದಿನ ಹೆದರದವರು ಯಾರಿದ್ದರು? ಆದರೆ ನಾವು ರಸ್ತೆ ದಾಟಿ ಎದುರಿನ ಹೊಂಗೆ ಮರದ ಕೆಳಗೆ ಕೂತು ಆ ನೀರು ಕುಡಿಯುತ್ತಿರುವಾಗಲೇ ಅತ್ತೆ ಕೆಳಗಿಳಿದು ಬಂದು, ನಾನು ನಿಂತಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಪೊರಕೆಯಿಂದ ತಿಕ್ಕಿ ತಿಕ್ಕಿ ತೊಳೆದರು. ನಮ್ಮ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಸಿರಿ ಮೆಲ್ಲಗೆ, “ಇದು ಇನ್ನರ್ಧ ಅಪ್ಪಾನಾ?” ಎಂದಳು. ಆ ಮಾತಿಗೆ ನಾನು ನಕ್ಕೆ ಮಾವ. ನಾನು ಹಾಗೆ ನಗಬೇಕಾಗಿ ಬಂದದ್ದಕ್ಕೆ ನಿಮ್ಮನ್ನು ಎಂದೂ ಕ್ಷಮಿಸುವುದಿಲ್ಲ.

ಹೂಂ ಅಂದಿರಾ? ಮುಂದೆ ಕೇಳಿ.

ಜಯನಗರದ ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ಕೂತರೆ ಲಾಠಿ ಬರುತ್ತಿತ್ತು. ಆಟೋದಲ್ಲಿ ಮೈಕು ಕಟ್ಟಿಕೊಂಡು, ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದು ಕೂಗುತ್ತಾ ಹೋಗುತ್ತಿದ್ದರು. ಸಿರಿ ಕೈಮುಗಿದು, “ಇರ್ತೀವಿ ಅಣ್ಣಾ, ಯಾವ್ ಮನೇಲಿ ಅಂತ ನೀನೇ ಹೇಳ್ಬಿಟ್ಟು ಹೋಗು” ಎನ್ನುತ್ತಿದ್ದಳು. ದಿನಸಿ ಹಂಚುವವರು ಬಂದರೆ ಮೊದಲು ಮನೆ ನಂಬರು ಕೇಳುತ್ತಿದ್ದರು. ಮನೆ ಇದ್ದವರಿಗೆ ಅಕ್ಕಿ, ಇಲ್ಲದವರಿಗೆ ಬುದ್ಧಿವಾದ. ಎರಡು ದಿನ ಹೀಗೆ ಅಲೆದ ಮೇಲೆ ಪಾರ್ಕಿನ ಪಕ್ಕದ ಸಾರ್ವಜನಿಕ ಶೌಚಾಲಯ ನೋಡಿಕೊಳ್ಳುವ ಮಾರಯ್ಯ ನಮ್ಮನ್ನು ಕಂಡ. ಕನಕಪುರದ ಕಡೆಯವನು, ಅರವತ್ತು ದಾಟಿದವನು. ಪೊರಕೆ, ಬಕೆಟು ಇಡುವ ಚಿಕ್ಕ ಕೋಣೆಯೇ ಅವನ ವಾಸದ ಮನೆ. ಅದರ ಬೀಗದ ಕೈಯನ್ನು ನನ್ನ ಕೈಗಿಟ್ಟ. “ಹೆಣ್‌ಮಕ್ಳು ಬಯಲಲ್ಲಿ ಮನಗದಾ? ಒಳಗ್ ಪೆನಾಯ್ಲು ವಾಸ್ನೆ ಕಣವ್ವ, ಮೂಗು ಮುಚ್ಕಂಡು ಮನೀಕಳಿ. ಆ ವಾಸ್ನೆಗೆ ಕೊರೊನಾನೂ ಒಳೀಕ್ ಬರಾಕಿಲ್ಲ” ಎಂದು ತಾನೇ ನಕ್ಕ. ಎರಡು ತಿಂಗಳು ಅವನು ಹೊರಗೆ ಕಲ್ಲುಬೆಂಚಿನ ಮೇಲೆ ಮಲಗಿದ. ತನಗೆ ಸಿಗುತ್ತಿದ್ದ ಊಟದ ಪೊಟ್ಟಣವನ್ನು ಮೂರು ಪಾಲು ಮಾಡುತ್ತಿದ್ದ. ಅವನ ಪಾಲು ಯಾವಾಗಲೂ ಸಣ್ಣದು.

ಅಲ್ಲಿಗೆ ಹೋದ ನಾಲ್ಕನೇ ದಿನ ಅವ್ವನ ಫೋನು ಬಂತು. “ಮಾವನ ಮನ್ಯಾಗ ಚಲೋ ಅದೀಯಿಲ್ಲ? ಬಸವಂತಣ್ಣ ಫೋನ್ ಮಾಡಿದ್ದ. ಹುಡುಗಿ ನಮ್ಮಲ್ಲೇ ಐತಿ, ನಿಮ್ಮತ್ತಿಗಿ ಹೋಳಿಗಿ ಮಾಡಿ ಹಾಕ್ಯಾಳ, ನೀ ಚಿಂತಿ ಮಾಡಬ್ಯಾಡ ಅಂದ” ಎಂದಳು. ನಾನು ಆಗ ಶೌಚಾಲಯದ ನಲ್ಲಿಯ ಕೆಳಗೆ ಬಕೆಟು ಹಿಡಿದಿದ್ದೆ. ಮಾವ, ಗೇಟು ತೆಗೆಯದಿದ್ದದ್ದು ಹೆದರಿಕೆಯಿಂದ ಎನ್ನಬಹುದು. ಈ ಮಾತು ಯಾವ ಹೆದರಿಕೆಯಿಂದ ಬಂತು? ನಾನು ಬದುಕಿದ್ದೇನೋ ಸತ್ತಿದ್ದೇನೋ ತಿಳಿಯದೆಯೇ ನನಗೆ ಹೋಳಿಗೆ ಬಡಿಸಿದಿರಲ್ಲ! ಅವ್ವನ ಎದೆನೋವು ನೆನೆದು ನಾನು ಹೂಂ ಎಂದೆ. ಆ ಒಂದು ಹೂಂಗೆ ನೀವು ಊರಿನಲ್ಲಿ ದೇವರಾದಿರಿ. ದಾರಿ ತೆರೆದ ಮೇಲೆ ಅವ್ವ ಮಗಳನ್ನು ಕಾಪಾಡಿದ್ದಕ್ಕೆಂದು ನಿಮ್ಮಿಬ್ಬರಿಗೂ ಆಹೇರಿ ಕಳಿಸಿದಳು: ಅತ್ತೆಗೆ ಇಳಕಲ್ ಸೀರೆ, ನಿಮಗೆ ಧೋತರ. ನೀವು ಬೇಡ ಎನ್ನಲಿಲ್ಲ. ಅತ್ತೆ ಆ ಸೀರೆ ಉಟ್ಟುಕೊಂಡ ಫೋಟೋ ವಾಟ್ಸಾಪಿಗೂ ಹಾಕಿದರು. ಬಣ್ಣ ಅವರಿಗೆ ಒಪ್ಪಿತ್ತು, ಸುಳ್ಳು ಹೇಳಬಾರದು.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಸಿರಿಗೆ ಜ್ವರ ಬಂತು. ಫೀವರ್ ಕ್ಲಿನಿಕ್ಕಿನಲ್ಲಿ ಮೂಗಿಗೆ ಕಡ್ಡಿ ಹಾಕಿ, ಕೈಗೆ ಸೀಲು ಹೊಡೆದು, “ಹದಿನಾಲ್ಕು ದಿನ ಮನೇಲೇ ಇರ್ಬೇಕು, ಅಡ್ರೆಸ್ ಹೇಳಮ್ಮ” ಎಂದರು. ಸಿರಿ ನನ್ನ ಮುಖ ನೋಡಿದಳು. ನಾನು ಶ್ರೀನಗರದ ನಿಮ್ಮ ಮನೆ ನಂಬರು, ಅಡ್ಡರಸ್ತೆ ಎಲ್ಲವನ್ನೂ ಒಂದಕ್ಷರ ತಪ್ಪದೆ ಹೇಳಿದೆ. ಹೌದು ಮಾವ, ನಿಮ್ಮ ಗೇಟಿಗೆ ಕ್ವಾರಂಟೈನ್ ಸ್ಟಿಕ್ಕರು ಅಂಟಿಸಿದ್ದು ಯಾರ ಕೃಪೆ ಎಂದು ನೀವು ಐದು ವರ್ಷದಿಂದ ಹುಡುಕುತ್ತಿದ್ದೀರಂತೆ. ಎದುರುಮನೆಯವರ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದೀರಂತೆ. ಪಾಪ, ಅವರನ್ನು ಬಿಟ್ಟುಬಿಡಿ. ಸಿರಿ ಅಂತ ಇಲ್ಲಿ ಯಾರೂ ಇಲ್ಲ ಎಂದು ಅತ್ತೆ ಬಾಯಿ ಬಡಿದುಕೊಂಡಾಗ ಬಂದವರು, “ಎಲ್ಲಾರೂ ಹಿಂಗೇ ಬಚ್ಚಿಡೋದು ಆಂಟಿ, ಒಳಗ್ ನಡೀರಿ” ಎಂದರಂತಲ್ಲ? ಹಾಲಿನವನೂ ನಿಮ್ಮ ಮನೆ ಬಿಟ್ಟು ಮುಂದೆ ಹೋದನಂತಲ್ಲ? ಇದೆಲ್ಲವನ್ನೂ ನಿಮ್ಮ ಬಾಯಿಂದ ಕೇಳಿದ ಅವ್ವ, ನಾನೂ ಒಳಗೇ ಸಿಕ್ಕಿಕೊಂಡಿದ್ದೇನೆಂದು ನಂಬಿ, ಮರುಕಪಟ್ಟು ಫೋನಿನಲ್ಲಿ ನನಗೆ ಹೇಳಿದಳು. ಆಗ ಸಿರಿ ಜ್ವರದಲ್ಲೂ ನಕ್ಕಳು. ನನಗೆ ಮಾತ್ರ ಹೊಟ್ಟೆ ತುಂಬಲಿಲ್ಲ. ಹದಿನಾಲ್ಕು ದಿನ ಬೀದಿಯವರು ನಿಮ್ಮನ್ನು ದೂರದಿಂದ ನೋಡಿದರು, ಅಷ್ಟೇ. ನಮ್ಮನ್ನು ಇಡೀ ಊರೇ ಹಾಗೆ ನೋಡಿತ್ತು.

ಹಾಗಾಗಿ ಮದುವೆಯ ದಿನ ನನ್ನ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಮಾರಯ್ಯ. ಕೇಳಿದಾಗ ಅವನು, “ಅಯ್ಯೋ ಬ್ಯಾಡ ಕಣವ್ವ, ಕಕ್ಕಸ್ ತೊಳೆಯೋ ಕೈ ಇದು” ಎಂದ. ಆ ಕೈಯೇ ಬೇಕು ಎಂದೆವು, ನಾನೂ ಸಿರಿಯೂ. ನನ್ನನ್ನು ಮದುವೆಯಾಗುವ ಕೈಲಾಸ್ ಒಪ್ಪಿದ್ದಾನೆ. ಅವನ ತಾಯಿ ಕಮಲಾದೇವಿಯವರು, “ಅನ್ನ ಹಾಕಿದೋರು ತಾನೇ ಮಾವ” ಎಂದರು. ಮಾರಯ್ಯ ಯಾವ ಜಾತಿ ಎಂದು ನೀವು ಕೇಳುತ್ತೀರಿ. ನಾನು ಈವರೆಗೆ ಕೇಳಿಲ್ಲ. ಅವನೂ ನಮ್ಮನ್ನು ಕೇಳಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಸೋದರಮಾವ ಎಂಬಲ್ಲಿ ಅವನ ಹೆಸರೇ ಅಚ್ಚಾಗಿದೆ. ನಿಮ್ಮ ಪ್ರತಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ನೀವು ತಪ್ಪದೆ ಬರಬೇಕು. ನಿಮ್ಮಿಬ್ಬರಿಗೆ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇನೆ, ನಮ್ಮೂರಿನ ಹಿರಿಯರೆಲ್ಲರ ನಡುವೆ. ಬರದಿದ್ದರೆ ಏಕೆ ಬರಲಿಲ್ಲ ಎಂದು ಅವರು ಕೇಳುತ್ತಾರೆ. ಬಂದರೆ ಏಕೆ ಕೂತಿದ್ದೀರಿ ಎಂದು ಕೇಳುತ್ತಾರೆ. ಯಾವುದು ಸಲೀಸೋ ನೋಡಿಕೊಳ್ಳಿ.

ಅತ್ತೆಗೆ ನನ್ನ ನಮಸ್ಕಾರ. ಆರೋಗ್ಯ ಜೋಪಾನ. ನೀವಿಬ್ಬರೂ ನೂರು ವರ್ಷ ಬಾಳಬೇಕು, ಒಂದನ್ನೂ ಮರೆಯದೆ.

ಇಂತಿ,
ಮುರಿಗೆವ್ವನ ಮಗಳು
ಶ್ರೀದೇವಿ

ತಾ.ಕ.: ಅವ್ವನಿಗೆ ನಾನು ಇನ್ನೂ ಏನೂ ಹೇಳಿಲ್ಲ, ಲಗ್ನಪತ್ರಿಕೆಯನ್ನೂ ತೋರಿಸಿಲ್ಲ. ಇಪ್ಪತ್ತಾರರ ಬೆಳಿಗ್ಗೆ ಅವಳು ವಿಜಯಪುರದ ಬಸ್ಸಿಳಿದು ನೇರವಾಗಿ ನಿಮ್ಮ ಮನೆಗೇ ಬರುತ್ತಾಳಂತೆ. ಅವಳಿಗೊಂದು ಆಸೆ: ಆ ಎರಡು ತಿಂಗಳು ಮಗಳು ಮಲಗುತ್ತಿದ್ದ ಕೋಣೆಯನ್ನು ಒಮ್ಮೆ ಕಣ್ಣಾರೆ ನೋಡಿ, ಅಲ್ಲಿ ದೀಪ ಹಚ್ಚಬೇಕಂತೆ. ಯಾವ ಕೋಣೆ ತೋರಿಸುತ್ತೀರೋ ಅಷ್ಟರಲ್ಲಿ ಅತ್ತೆಯ ಜೊತೆ ಕೂತು ಯೋಚಿಸಿಡಿ. ನಾನೂ ಅವ್ವನ ಜೊತೆಗೇ ಬರುತ್ತೇನೆ.