ದೇವರ ಪೀಸು

ಶಹಾಪುರ, ಬೆಳಗಾವಿ
ಶುಕ್ರವಾರ, 10 ಅಕ್ಟೋಬರ್ 2025

ನನ್ನ ದಾನೇಶ್ವರಿಗೆ,

ನಿನ್ನ ಅವ್ವ ಗೌರವ್ವ ತಲೆ ಸವರಿ ಮಾಡುವ ಆಶೀರ್ವಾದ. ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ನೀನೂ ಅಳಿಯ ಸುಮಿತರೂ ನಿನ್ನ ಅತ್ತೆ ಅಲಕಾ ಬಾಯಿಯವರೂ ಖಾನಾಪುರದಲ್ಲಿ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ದಸರೆಯ ಮರುದಿನವೇ ಬರೆಯಬೇಕೆಂದು ಕುಳಿತವಳು ಒಂದು ವಾರ ತಡ ಮಾಡಿದೆ, ಸಿಟ್ಟಾಗಬೇಡ. ಮೂರು ಸಲ ಬರೆದು ಮೂರು ಸಲ ಹರಿದೆ. ಕೈಯಲ್ಲಿ ಫೋನ್ ಇರುವಾಗ ಈ ಮುದುಕಿಗೆ ಕಾಗದದ ಹುಚ್ಚೇಕೆ ಎಂದು ನಗುತ್ತೀಯೇನೋ, ನಗು. ಫೋನ್ ಮಾಡಿದರೆ ಅಲಕಾ ಬಾಯಿಯವರು ಪ್ರೀತಿಯಿಂದ ಸ್ಪೀಕರ್ ಹಾಕಿಬಿಡುತ್ತಾರೆ. ನೀನೋ, ನನ್ನ ಮಾತನ್ನು ನಡುವೆಯೇ ಕತ್ತರಿಸುತ್ತೀ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಸಾಲಿಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ, ತಪ್ಪು ಹುಡುಕುತ್ತ ಕೂರಬೇಡ.

ಲಕೋಟೆಯಲ್ಲಿ ನಾಲ್ಕು ಬನ್ನಿ ಎಲೆ ಇಟ್ಟಿದ್ದೇನೆ. ಈ ಸಲ ಬನ್ನಿ ಕೊಡಲು ನೀನು ಬರಲಿಲ್ಲ. ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಸುಮಿತರು ಒಬ್ಬರೇ ಗಾಡಿ ಹತ್ತಿ ಬಂದು, "ಅಕೀಗೆ ದೇಸೂರ ಯುನಿಟ್ಟಿನ್ಯಾಗ ಭಾಳ ಕೆಲಸ ಅದರೀ ಅತ್ತಿ" ಎಂದು ಕಾಲಿಗೆ ಬಿದ್ದು ಹೋದರು. ಹಬ್ಬದ ದಿನ ನಮ್ಮ ಫೌಂಡ್ರಿಗೂ ನೀನೀಗ ಕೆಲಸ ಮಾಡುವ ಅದರ ದೇಸೂರ ಯುನಿಟ್ಟಿಗೂ ಬೀಗ ಇರುತ್ತದೆಂದು ಆ ಪಾಪದ ಹುಡುಗನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ನಿನ್ನ ಮಾನ ಕಾಯ್ದರೋ. ಕುಂದಾ ಕಟ್ಟಿಸಿ ಕೊಟ್ಟೆ, ತಿಂದೆ ತಾನೇ?

ಈಗ ಫೌಂಡ್ರಿಯ ಸುದ್ದಿ. ಸೆಪ್ಟೆಂಬರ್ ಕೊನೆಗೆ ಯುರೋಪಿನಿಂದ ಆ ಸೈನ್ಯದ ಗಾಡಿ ಕಟ್ಟುವ ಕಂಪನಿಯವನೊಬ್ಬ ಬಂದಿದ್ದ. ಕ್ಯಾಂಟೀನಿನಲ್ಲಿ ಬಿಳಿ ಪರದೆ ಕಟ್ಟಿ, ಅಚ್ಚು ಕಟ್ಟುವ ಮೋಲ್ಡಿಂಗಿನವರನ್ನೂ ಮರಳಿನ ಕೋರು ಮಾಡುವ ಕೋರ್ ರೂಮಿನ ನಮ್ಮ ಹೆಂಗಸರನ್ನೂ ಕೂಡಿಸಿ ಸಿನಿಮಾ ತೋರಿಸಿದ. ಮೊದಲು ಪಟ್ಟಿಯ ಮೇಲೆ ಉರುಳುವ ರಣಗಾಡಿ ಬಂತು. ಆಮೇಲೆ ಒಂದು ತೋಪು. ಅದನ್ನು ನಮ್ಮ ಉದ್ಯಮಬಾಗದಲ್ಲಿ ನಿಲ್ಲಿಸಿ ಹಾರಿಸಿದರೆ ಗುಂಡು ನಿಮ್ಮ ಖಾನಾಪುರ ದಾಟಿ ಕಾಡಿನಲ್ಲಿ ಬೀಳುತ್ತದಂತೆ. ಬೆನ್ನ ಮೇಲೆ ಸೇತುವೆಯನ್ನೇ ಮಡಿಚಿ ಹೊತ್ತ ಗಾಡಿಯೂ ಇತ್ತು. ಕೊನೆಗೆ ಬಂದದ್ದು ನಮ್ಮದು, ಎಂಟು ಗಾಲಿಯದು. ಆ ಗಾಲಿ ಕೂಡಿಸುವ ಪೊಳ್ಳು ಎರಕವನ್ನಲ್ಲವೇ ನಾವು ಹಬ್ ಎಂದು ಮಾಡಿ ಕಳಿಸುವುದು. ನೆತ್ತಿಯ ಮೇಲಿನ ಬಂದೂಕಿನ ಹತ್ತಿರ ಮನುಷ್ಯರೇ ಇಲ್ಲ. ಒಳಗೆ ಕುಳಿತವನು ಟಿವಿ ನೋಡಿದ ಹಾಗೆ ನೋಡಿ ಹಾರಿಸುತ್ತಾನೆ. ನಮ್ಮ ಕೋರ್ ರೂಮಿನ ಪ್ರಮಿಳಾ ಸುಮ್ಮನಿರಬೇಕಲ್ಲ, "ಯವ್ವಾ, ಇದಕ್ಕ ಬಾಜು ಕನ್ನಡಿನ ಇಲ್ಲಲ್ಲ, ಹಿಂದಿನ ಗಾಡಿಗೆ ಹಾದಿ ಹೆಂಗ ಕೊಡತಾರ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆಮೇಲೆ ಗಾಡಿಯ ಒಳಗನ್ನು ತೋರಿಸಿದ. ಕುರ್ಚಿಗಳನ್ನು ನೆಲಕ್ಕೆ ಜಡಿದಿಲ್ಲ, ಚಾವಣಿಯಿಂದ ತೂಗುಹಾಕಿದ್ದಾರೆ. ಕೆಳಗೆ ನೆಲಬಾಂಬು ಸಿಡಿದರೆ ಬೆನ್ನೆಲುಬು ಮುರಿಯಬಾರದಂತೆ. ಆ ಕುರ್ಚಿಗಳಲ್ಲಿ ಎದುರುಬದುರು ಎಂಟು ಹುಡುಗರು ಕುಳಿತಿದ್ದರು. ಒಬ್ಬನ ಗಲ್ಲದ ಮೇಲೆ ಇನ್ನೂ ಮೊಡವೆ. ಸೇಬು ತಿನ್ನುತ್ತ ಕ್ಯಾಮೆರಾ ನೋಡಿ ನಾಚಿಕೊಂಡ. ನಮ್ಮ ಮಧುಕರ ಸಾಹೇಬರು ಮ್ಯಾನೇಜರಿಕೆಯ ಗತ್ತಿನಲ್ಲಿ ಎದ್ದು ಕೇಳಿದರು, ಒಂದು ಗಾಲಿ ಹೋದರೆ ಏನಾಗುತ್ತದೆಂದು. ಬಂದವನು ಹೇಳಿದ್ದನ್ನು ಅವರೇ ಕನ್ನಡ ಮಾಡಿದರು: "ಗಾಲಿ ಒಡದ್ರ ಉಳಿದ ಏಳು ಗಾಲಿ ಮ್ಯಾಲೆ ಓಡತದ. ಆದ್ರ ಓಡೂಮುಂದ ಹಬ್ ಒಡದ್ರ ಗಾಡಿ ಪಲ್ಟಿನ. ಇಪ್ಪತ್ತೈದ ಟನ್ನ ಅದ, ಒಳಗಿನವರು ಉಳಿಯೂದಿಲ್ಲ." ನಮ್ಮ ನಲವತ್ತು ಹಬ್ ಕೂತ ಐದು ಗಾಡಿಗಳು ತಾಲೀಮಿನ ಮೈದಾನ ಬಿಟ್ಟು ಗಡಿಯ ಕಡೆಗೆ ಹೊರಡುತ್ತವಂತೆ. ಇದೇ ತಿಂಗಳ ಇಪ್ಪತ್ತಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಎದ್ದಿತೋ ಇಲ್ಲವೋ ನೆನಪಿಲ್ಲ.

ಯಾಕೆಂದು ನಿನಗೆ ಹೇಳಬೇಕು ಮಗಳೇ. ನಮ್ಮ ದೇವರ ಪೀಸು ಅಲ್ಲಿದೆ. ಆ ಐದು ಗಾಡಿಗಳಲ್ಲಿ ಯಾವುದೋ ಒಂದರ ಗಾಲಿಯ ಹಿಂದೆ ಕುಳಿತಿದೆ.

ದೇವರ ಪೀಸು ಎಂದರೇನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಈ ಕಾಗದವನ್ನು ನಾಳೆ ಬೇರೆಯವರೂ ಓದಬೇಕಾಗಬಹುದು. ಖಂಡೇನವಮಿಯ ರಜೆ ಮುಗಿಸಿ ಕುಲುಮೆ ಹೊತ್ತಿಸಿದ ದಿನ, ಎರಕ ಪೊಳ್ಳಾಗಲೆಂದು ಅಚ್ಚಿನೊಳಗೆ ಇಡುವ ಮರಳಿನ ಗಟ್ಟಿ ಇದೆಯಲ್ಲ, ನಾವು ಮಾಡುವ ಕೋರು, ಅದರ ಮೊದಲನೆಯದರ ಮೇಲೆ ನಮ್ಮಲ್ಲಿ ಹಿರಿಯಳಾದವಳು ಮೂರು ಬೆರಳಿನಿಂದ ವಿಭೂತಿಯ ಗೆರೆ ಎಳೆಯುತ್ತಾಳೆ. ಮರಳಿನಲ್ಲಿ ತಗ್ಗಾದ ಗೆರೆ ಲೋಹದ ಒಳಗೋಡೆಯ ಮೇಲೆ ಉಬ್ಬಿ ನಿಲ್ಲುತ್ತದೆ. ಹೊರಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ. ಆ ಕೋರಿನಿಂದ ಬಂದ ಎರಕವೇ ದೇವರ ಪೀಸು, ಅದು ಎಂದೂ ಲಾರಿ ಹತ್ತುವುದಿಲ್ಲ. ವರ್ಷವಿಡೀ ಕೋರ್ ರೂಮಿನಲ್ಲಿ ಬಸವಣ್ಣನ ಫೋಟೋದ ಮುಂದಿದ್ದು, ಮುಂದಿನ ವರ್ಷ ಕರಗಲು ಮೊದಲ ಕುಲುಮೆಗೆ ಹೋಗುತ್ತದೆ. ಭಕ್ತಿಯೂ ಹೌದು, ಹಿರಿಯರ ಉಪಾಯವೂ ಹೌದು. ನಾಲ್ಕು ದಿನ ತಣ್ಣಗಿದ್ದ ಕುಲುಮೆಯ ಮೊದಲ ಲೋಹವನ್ನು ನಂಬಲಾಗದು, ಒಳಗೆ ಗಾಳಿಗುಳ್ಳೆ ಇದ್ದೇ ಇರುತ್ತದೆ, ಭಾರ ಬಿದ್ದರೆ ಅಲ್ಲೇ ಒಡೆಯುತ್ತದೆ. ನೀನು ಏಳು ವರ್ಷದವಳಿದ್ದಾಗ ಸಾಲಿ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದೆ. ಆ ಪೀಸಿನೊಳಗೆ ಬೆರಳು ಹಾಕಿ, "ಒಂದ, ಎರಡ, ಮೂರ! ಅವ್ವಾ, ದೇವರು ಒಳಗ ಅದಾನ" ಎಂದು ಕೂಗುತ್ತಿದ್ದೆ.

ಹೋದ ನವೆಂಬರ್ ಇಪ್ಪತ್ತೊಂದು ನೆನಪಿದೆಯಲ್ಲ. ಈ ಗಾಡಿಗಳ ನಲವತ್ತು ಪೀಸು ಒಳಗಿನ ಗುಳ್ಳೆ ಹಿಡಿಯುವ ಎಕ್ಸರೇ ಮುಗಿಸಿ, ನೀನು ಒಂದೊಂದರ ಮೇಲೂ ಸುತ್ತಿಗೆಯಿಂದ ನಂಬರು ಒಡೆದು, ಲಾರಿಗೆ ಏರುತ್ತಿದ್ದವು. ಸರಪಳಿ ಜಾರಿ ಒಂದು ಬಿತ್ತು, ಅಂಚು ಸೀಳಿತು. ಮಧುಕರ ಸಾಹೇಬರು ಎಲ್ಲರ ಮುಂದೆ ನಿನ್ನ ಮೇಲೆ ಹರಿಹಾಯ್ದರು. "ಮೂವತ್ತೊಂಬತ್ತ ಪೀಸ ಕಳಿಸಿದ್ರ ಅವರು ಪೂರಾ ಮಾಲ ವಾಪಸ್ ಮಾಡತಾರ. ಹಡಗ ನಿನ್ನ ಸಲುವಾಗಿ ನಿಲ್ಲತದೇನ? ಏನರ ಮಾಡು, ಇಲ್ಲಂದ್ರ ನಾಳೆಯಿಂದ ಮನ್ಯಾಗ ಕುಂದರು!" ನೀನು ಟೇಬಲ್ಲಿನ ಮುಂದೆ ತುಟಿ ಕಚ್ಚಿ ನಿಂತಿದ್ದೆ. ಕೋರ್ ರೂಮಿನವಳ ಮಗಳು ಆಫೀಸಿನಲ್ಲಿ ಟೇಬಲ್ಲು ಹಾಕಿಸಿಕೊಂಡು ಎಂಟೇ ತಿಂಗಳಾಗಿತ್ತು. ನಿಮ್ಮಪ್ಪ ಇದ್ದಿದ್ದರೆ ಆ ಟೇಬಲ್ಲಿಗೇ ಕುಂಕುಮ ಹಚ್ಚುತ್ತಿದ್ದರು. ದೇವರ ಪೀಸನ್ನು ತಳ್ಳುಗಾಡಿಯಲ್ಲಿ ತಂದು ನಿನ್ನ ಮುಂದಿಟ್ಟು, "ಎಕ್ಸರೇ ಆದ ಹೆಚ್ಚಿನ ಪೀಸ ಇದು, ನನ್ನ ಹಂತ್ಯಾಕ ಉಳದಿತ್ತು, ಹಾಕ" ಎಂದೆ. ಬಿದ್ದ ಪೀಸಿನ ನಂಬರನ್ನೇ ನೀನು ಇದರ ಮೇಲೆ ಒಡೆದೆ. ಹೀಗಾಗಿ ಕಾಗದಪತ್ರ ಎಲ್ಲ ಸರಿಯಿದೆ, ಎಕ್ಸರೇ ಸರಿಯಿದೆ, ಕೆಳಗೆ ನಿನ್ನ ಸಹಿ ಇದೆ. ಬಿದ್ದ ಪೀಸನ್ನು ನಾನು ದೇವರ ಮುಂದೆ ಬಟ್ಟೆ ಹೊದಿಸಿ ಇಟ್ಟೆ. ಹನ್ನೊಂದು ತಿಂಗಳು ಸೀಳಿದ ಕಬ್ಬಿಣಕ್ಕೆ ಹೂ ಏರಿಸಿದೆ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಈ ಸೋಮವಾರ ಕುಲುಮೆ ಹೊತ್ತಿತು. ಕುಲುಮೆಯ ಸಿದರಾಯ ಹಳೆಯ ಪೀಸು ಒಯ್ಯಲು ಬಂದ. ಬೆಂಕಿಗೆ ಕೊಡುವ ಮುಂಚೆ ಒಳಗೆ ಬೆರಳಿಟ್ಟು ನಮಸ್ಕಾರ ಮಾಡುವ ರೂಢಿ, ಪ್ರಮಿಳಾ ಮುಂದಾದಳು. ಬೆರಳು ಆಡಿಸಿದಳು, ಮತ್ತೆ ಆಡಿಸಿದಳು. "ಗೌರಕ್ಕಾ, ಗೆರಿ ಎಲ್ಲಿ ಅದಾವ?"

"ತುಕ್ಕ ಹಿಡದ ಹೋಗಿರಬೇಕ ತಗೊ" ಎಂದೆ.

ಸಿದರಾಯ ನನ್ನ ಮುಖವನ್ನೇ ನೋಡಿದ. "ವರ್ಷದಾಗ ಗೆರಿ ತಿನ್ನೂವಂಥಾ ತುಕ್ಕ ನಾ ನೋಡಿಲ್ಲಕ್ಕಾ." ಎತ್ತಿ ಕುಲುಮೆಯ ಒಳಗೆ ಹಾಕಿದ. ಈ ವರ್ಷದ ಮೊದಲ ಕೋರನ್ನು ನನ್ನ ಮುಂದಿಟ್ಟರು. ಮೂರು ಬೆರಳು ವಿಭೂತಿಯಲ್ಲಿ ಅದ್ದಿದವಳು ಸೆರಗಿಗೆ ಒರೆಸಿಕೊಂಡೆ. ಪ್ರಮಿಳಾಗೇ ಎಳೆಯಲು ಹೇಳಿದೆ. ಅಂದಿನಿಂದ ಕೋರ್ ರೂಮಿನಲ್ಲಿ ಯಾರೂ ನನ್ನೊಡನೆ ಚೇಷ್ಟೆಯ ಮಾತಾಡಿಲ್ಲ. ಒಬ್ಬೊಬ್ಬಳೂ "ಚಹಾ ಆತೇನ್ರಿ ಅಕ್ಕಾರ" ಎಂದು ಗೌರವದಿಂದ ಕೇಳುತ್ತಾಳೆ. ಆ ಗೌರವ ನನಗೆ ಸೇರುತ್ತಿಲ್ಲ.

ಅವತ್ತು ಮಧ್ಯಾಹ್ನವೇ ನಿನಗೆ ಫೋನ್ ಮಾಡಿ, ಆ ಬಿದ್ದ ಪೀಸಿನ ನಂಬರು ಯಾವುದಾಗಿತ್ತು ಎಂದು ಕೇಳಿದೆ. "ನೆನಪಿಲ್ಲ ಅವ್ವಾ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಬಿದ್ದ ಪೀಸಿನ ಮೇಲಿದ್ದ ನಂಬರನ್ನು ನಾನು ಎಂದೂ ಓದಿಟ್ಟುಕೊಂಡಿರಲಿಲ್ಲ, ಈಗ ಅದು ಕರಗಿಹೋಗಿದೆ. ಯಾಕೆ ಕೇಳಿದೆನೆಂದು ಈಗ ಹೇಳುತ್ತೇನೆ. ಮೂರು ಗೆರೆ ಇರುವ ಹಬ್ ಹುಡುಕಿ ಎಂದರೆ ಅವರು ಐದೂ ಗಾಡಿ ನಿಲ್ಲಿಸಿ ನಲವತ್ತನ್ನೂ ಬಿಚ್ಚಬೇಕು. ಗಡಿಗೆ ಹೊರಟ ಗಾಡಿಗಳನ್ನು ಒಬ್ಬ ಮುದುಕಿಯ ಮಾತಿಗೆ ಯಾರು ನಿಲ್ಲಿಸುತ್ತಾರೆ? ನಂಬರು ಇದ್ದರೆ ಒಂದೇ ಗಾಲಿ ಬಿಚ್ಚಿದರಾಯಿತು, ಅರ್ಧ ದಿನದ ಕೆಲಸ.

ಬರುವ ಸೋಮವಾರ ಹತ್ತು ಗಂಟೆಗೆ ಮಧುಕರ ಸಾಹೇಬರ ಕೋಣೆಗೆ ಹೋಗುತ್ತೇನೆ. ಅವರು ಮುಚ್ಚಿಡಲು ನೋಡಿದರೆ, ಸಿನಿಮಾ ತೋರಿಸಿದವನು ಹಂಚಿದ ಚೀಟಿ ನನ್ನ ಹತ್ತಿರ ಇದೆ, ಅದರ ಮೇಲೆ ಅವನ ಫೋನ್ ನಂಬರಿದೆ. ನಾನು ಹೇಳುವುದು ಇಷ್ಟೇ: ಪೀಸು ಇಟ್ಟವಳು ನಾನು, ಎಕ್ಸರೇ ಆಗಿದೆ ಎಂದು ಸುಳ್ಳು ಹೇಳಿದವಳು ನಾನು, ಮಗಳು ತಾಯಿಯ ಮಾತು ನಂಬಿ ಸಹಿ ಮಾಡಿದಳು, ಅವಳಿಗೆ ಏನೂ ಗೊತ್ತಿರಲಿಲ್ಲ. ನೀನೂ ಇದನ್ನೇ ಹೇಳು. ಈ ಕಾಗದ ತೋರಿಸು. ನಿನ್ನ ಟೇಬಲ್ಲು ಉಳಿಯುತ್ತದೋ ಇಲ್ಲವೋ ಹೇಳಲಾರೆ. ನನಗಂತೂ ಭಯವಾಗುತ್ತಿದೆ ದಾನವ್ವ. ಕಣ್ಣು ಮುಚ್ಚಿದರೆ ಆ ಸೇಬು ತಿನ್ನುವ ಹುಡುಗ ಬರುತ್ತಾನೆ, ಅವನ ಕುರ್ಚಿ ತೂಗುತ್ತಿರುತ್ತದೆ.

ನಾಳೆ ಪ್ರಮಿಳಾ ಖಾನಾಪುರಕ್ಕೆ ತಂಗಿಯ ಮನೆಗೆ ಬರುತ್ತಾಳೆ. ಲಕೋಟೆಗೆ ಗೋಂದು ಹಚ್ಚಿ ಅವಳ ಕೈಯಲ್ಲೇ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಸುಮಿತರ ಮೇಲೆ ರೇಗಬೇಡ. ಬನ್ನಿ ಎಲೆಗಳನ್ನು ಹಣೆಗೆ ಒತ್ತಿಕೊಂಡು ದೇವರ ಮುಂದಿಡು. ಬಸವಣ್ಣ ನಿನ್ನನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ, ಬಂಗಾರದ ಹಾಗೆ ಬಾಳು.

ನಿನ್ನ ಅವ್ವ,
ಗೌರವ್ವ

ತಾ.ಕ.: ಮೇಲಿನದು ಆಫೀಸಿನವರು ಓದಲಿ. ಈ ಹಾಳೆ ಬೇರೆ, ಓದಿ ಒಲೆಗೆ ಹಾಕು.

ಆ ದಿನ ಪೀಸು ಇಟ್ಟು ನಾನು ಹೊರಟುಹೋದೆ ಎಂದುಕೊಂಡಿದ್ದೀ. ಹೋಗಿರಲಿಲ್ಲ, ಬಾಗಿಲ ಮರೆಯಲ್ಲಿದ್ದೆ. ನೀನು ಹೊರಗಿನ ಅಳತೆಯೆಲ್ಲ ನೋಡಿದೆ. ಆಮೇಲೆ ಚಿಕ್ಕಂದಿನ ರೂಢಿಯಂತೆ ಒಳಗೆ ಬೆರಳು ಹಾಕಿದೆ. ಬೆರಳು ಒಂದು ಕಡೆ ನಿಂತಿತು. ಸ್ವಲ್ಪ ಸರಿದು ಮತ್ತೆ ನಿಂತಿತು. ಇನ್ನೊಮ್ಮೆ ನಿಂತಿತು. ನಿನ್ನ ತುಟಿ ಅಲುಗಿದ್ದನ್ನು ನಾನು ಕಂಡೆ, ನೀನು ಎಣಿಸುತ್ತಿದ್ದೆ. ಬೆರಳು ತೆಗೆದು ಓಢಣಿಗೆ ಒರೆಸಿಕೊಂಡು ನಂಬರು ಒಡೆಯುವ ಸುತ್ತಿಗೆ ಎತ್ತಿಕೊಂಡೆ. ನಾನು ಓಡಿ ಬಂದು ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಅಂದಿನಿಂದ ನನ್ನ ಮುಖ ನೋಡಿ ನೀನು ಮಾತಾಡಿಲ್ಲ, ನಿನ್ನ ಮುಖ ನೋಡಲು ನನಗೂ ಆಗಿಲ್ಲ.

ಇದನ್ನು ಸತ್ತರೂ ಯಾರಿಗೂ ಹೇಳುವುದಿಲ್ಲ. ಆದರೆ ನೆನಪಿಲ್ಲ ಎಂದು ನನಗೆ ಹೇಳಬೇಡ. ಪ್ರಮಿಳಾ ಭಾನುವಾರ ಸಂಜೆ ತಿರುಗಿ ಬರುತ್ತಾಳೆ. ಒಂದು ಚೀಟಿಯಲ್ಲಿ ಆ ನಂಬರು ಬರೆದು ಅವಳ ಕೈಗೆ ಕೊಡು. ಹೆಸರು ಬೇಡ, ಸಹಿ ಬೇಡ. ಚೀಟಿ ಬರದಿದ್ದರೂ ಸೋಮವಾರ ನಾನು ಹೋಗುವವಳೇ. ಅವಳನ್ನು ಬರಿಗೈಯಲ್ಲಿ ಕಳಿಸಬೇಡ ಮಗಳೇ.