ಕೆರಿಯಮ್ಮನ ಸಾವಿನ ರಜೆ

ಸಾಗರ
೧೮ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಅವ್ವಾ,

ಮಂಡಿ ಹೇಗಿದೆ? ಆಪರೇಷನ್ ಆದ ಕಾಲಿನ ಬಾವು ಇಳಿಯಿತೇ? ವಾಕರ್ ಹಿಡಿದುಕೊಂಡೇ ಅಡುಗೆಮನೆಗೆ ನುಗ್ಗುತ್ತೀಯಂತೆ, ಅತ್ತಿಗೆ ದೂರು ಹೇಳಿದಳು. ನಿನ್ನನ್ನು ತೀರ್ಥಹಳ್ಳಿಗೆ ಕಳಿಸಿದ್ದು ಹರ್ಷಣ್ಣನ ಮನೆಯ ಪಾತ್ರೆ ತೊಳೆಯಲಿಕ್ಕಲ್ಲ. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹ್ಞೂ, ಹ್ಞೂ’ ಎನ್ನುತ್ತೀಯ, ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ. ಮೊಮ್ಮಗಳು ಲಿಖಿತಾ ಗಟ್ಟಿಯಾಗಿ ಓದಿ ಹೇಳಲಿ.

ಮೊದಲು ಸಮಾಧಾನದ ಸುದ್ದಿ. ನನ್ನ ಕೆಲಸ ಉಳಿಯಿತು, ನಮ್ಮ ಹೆಂಗಸರ ಕೆಲಸವೂ ಉಳಿಯಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ, ನಿನ್ನೆ ಎರಡು ತಟ್ಟೆ ಊಟ ಮಾಡಿದೆ. ಅಡಿಕೆ ಹಾಳೆತಟ್ಟೆ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಬರೆದುಕೊಂಡಿದ್ದ ನನ್ನನ್ನು ಯುಗಾದಿ ಹೊತ್ತಿಗೆ ಎಚ್.ಆರ್. ಮಾಡಿದಾಗ ನೀನು ‘ಅದೆಂತ ಕೆಲ್ಸ?’ ಎಂದಿದ್ದೆ. ಜನರನ್ನು ನೋಡಿಕೊಳ್ಳುವುದು ಎಂದು ದೊಡ್ಡದಾಗಿ ಹೇಳಿದ್ದೆ. ಆದರೆ ಅವತ್ತಿನಿಂದ ಆ ಜನ ನನ್ನನ್ನು ಕಂಡರೆ ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದರು. ಭತ್ತದ ನಾಟಿ ಶುರುವಾಯಿತು ನೋಡು, ಮೆಷಿನ್ನುಗಳ ಮುಂದೆ ಅರ್ಧ ಜನವೂ ಇಲ್ಲ. ಒಬ್ಬಳಿಗೆ ಜ್ವರ, ಇನ್ನೊಬ್ಬಳಿಗೆ ಹೊಟ್ಟೆನೋವು, ಮತ್ತೊಬ್ಬಳ ಗಂಡ ಬೈಕಿನಿಂದ ಬಿದ್ದಿದ್ದಾನೆ. ಮಾಲೀಕರು ಕೃಷ್ಣಪ್ರಸಾದ್ ಸರ್ ನನ್ನನ್ನು ಕರೆದು, ‘ಈ ತಿಂಗಳು ಆರ್ಡರ್ ತಪ್ಪಿದರೆ ಇವರನ್ನೆಲ್ಲ ಬಿಡಿಸಿ ಹೊರಗಿನವರನ್ನ ತರಿಸ್ತೀನಿ. ನಿಮ್ಮ ಜಾಗಕ್ಕೂ ಬೇರೆಯವರನ್ನ ನೋಡಬೇಕಾಗ್ತದೆ’ ಎಂದುಬಿಟ್ಟರು.

ಅದರ ಮಾರನೆಯ ದಿನವೇ ತಟ್ಟೆ ಒತ್ತುವ ಪ್ರೆಸ್ ವಿಭಾಗದ ಹಿರಿಯಳು ಚೌಡಕ್ಕನ ಅತ್ತೆ ಕೆರಿಯಮ್ಮ ತೀರಿಕೊಂಡರು ಎಂದು ಸುದ್ದಿ ಬಂತು. ಸಾವಿನ ಮನೆಗೆ ಯಾರಾದರೂ ಕರೆಯಲಿ ಎಂದು ಕಾಯಬಾರದು ಎಂದು ಕಲಿಸಿದವಳು ನೀನು. ನೋಟಿಸ್ ಬೋರ್ಡಿನಲ್ಲಿ ಶ್ರದ್ಧಾಂಜಲಿ ಬರೆಸಿ, ಮುಖ ಸಪ್ಪೆ ಮಾಡಿಕೊಂಡು ಅವರ ಊರಿಗೆ ಹೋದೆ. ಜಗಲಿಯಲ್ಲಿ ಒಬ್ಬ ಅಜ್ಜಿ ಬಿದಿರಿನ ಕಳಲೆ ಹೆಚ್ಚುತ್ತಿತ್ತು. ‘ಬಾ ಮಗಾ, ಕೂತ್ಕ. ಎಲ್ರೂ ಗದ್ದೆಗೆ ಹೋಗ್ಯಾರೆ, ಕಾಫಿ ಕುಡೀತೀಯಾ?’ ಎಂದಿತು. ಅಜ್ಜಿ ಯಾರು ಎಂದು ಕೇಳಿದೆ. ‘ನಾನಾ? ಚೌಡಿ ಅತ್ತೆ, ಕೆರಿಯಮ್ಮ.’ ಸತ್ತವರ ಕೈಯಿಂದಲೇ ಕಾಫಿ ಇಸಿದುಕೊಂಡು ಕುಡಿದೆ ಅವ್ವಾ, ಒಳ್ಳೆಯ ಕಾಫಿ.

ಗದ್ದೆಗೆ ಹೋದರೆ ನಮ್ಮ ಕಾರ್ಖಾನೆಯೇ ಅಲ್ಲಿ ಸಾಲಾಗಿ ಬಗ್ಗಿ ನಿಂತಿದೆ. ಜ್ವರದವಳೂ ಇದ್ದಳು, ಹೊಟ್ಟೆನೋವಿನವಳೂ ಇದ್ದಳು. ನನ್ನನ್ನು ಕಂಡು ಎಲ್ಲರೂ ಇನ್ನಷ್ಟು ಬಗ್ಗಿ ಮುಖ ಮರೆಸಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತ್ತು. ಚೌಡಕ್ಕ ಮಾತ್ರ ಸಸಿಯ ಕಟ್ಟು ಹಿಡಿದುಕೊಂಡೇ, ‘ನಾಟಿ ಅಂದ್ರೆ ರಜೆ ಕೊಡ್ತಿದ್ರಾ ಮೇಡಂ? ಹೋದ ವರ್ಷ ಕೇಳಿದ್ವಿ, ಆಗಲ್ಲ ಅಂದ್ರು. ಯಾರಾದ್ರೂ ಸತ್ರೆ ಮಾತ್ರ ಕೊಡ್ತಾರೆ’ ಎಂದಳು. ಆಗ ಈ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಚೂಡಿದಾರ ಮೇಲಕ್ಕೆ ಮಡಚಿ ನಾನೂ ಗದ್ದೆಗಿಳಿದೆ.

ಗದ್ದೆಯಂಚಿನ ಮೇಲೆ ಊಟಕ್ಕೆ ಕೂತಾಗ ಹೊಳೆಯಿತು. ಇವರು ಗದ್ದೆಗೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅದನ್ನೇ ಮೆಷಿನ್ನಿಗೂ ಯಾಕೆ ಮಾಡಬಾರದು? ಯಾರು ಗದ್ದೆಗೆ, ಅವಳ ಮೆಷಿನ್ನಿಗೆ ಯಾರು ಎಂದು ಅವರವರೇ ಮಾತಾಡಿಕೊಳ್ಳಲಿ, ನಾನು ಕಾರಣ ಕೇಳುವುದಿಲ್ಲ ಎಂದೆ. ಸರ್ ಮೊದಲು ಒಪ್ಪಲೇ ಇಲ್ಲ. ‘ಇಷ್ಟು ಸುಳ್ಳು ಹೇಳಿದವರನ್ನ ನಂಬ್ತೀರಾ?’ ಎಂದರು. ಆರ್ಡರ್ ತಪ್ಪಿದರೆ ಮೊದಲು ನಾನೇ ಕೆಲಸ ಬಿಟ್ಟು ಹೋಗುತ್ತೇನೆ ಎಂದೆ, ಆಗ ಒಪ್ಪಿದರು. ಹೇಳಿದ್ದೇನೋ ಹೇಳಿದೆ, ಆಮೇಲೆ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ವೇಲಿನ ತುದಿ ಹಿಂಡುವುದೇ ಕೆಲಸ. ಒಮ್ಮೆ ಇಬ್ಬರಿಗೂ ಪಾಳಿ ಇನ್ನೊಬ್ಬಳದು ಎಂದು ಅನಿಸಿ ಮೆಷಿನ್ ಖಾಲಿ ನಿಂತಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಯಾರದೋ ಫೋನಿನಿಂದ ಸುದ್ದಿ ತಿಳಿದ ಚೌಡಕ್ಕ ಗದ್ದೆಯಿಂದಲೇ ಆಟೋ ಹತ್ತಿ ಬಂದು ಮೆಷಿನ್ ಮುಂದೆ ನಿಂತಳು. ಒಳಗೆಲ್ಲ ಕೆಸರು ಹೆಜ್ಜೆ. ಸರ್ ಅದನ್ನು ನೋಡಿದರು, ಎಲ್ಲರಿಗೂ ಟೀ ಹೇಳಿದರು. ನಿನ್ನೆ ಆರ್ಡರ್ ಪೂರ್ತಿ ಲಾರಿ ಹತ್ತಿತು. ಬರುವ ವರ್ಷವೂ ಹೀಗೇ ನಡೆಯಲಿ ಎಂದಿದ್ದಾರೆ.

ಮಾತ್ರೆ ತಪ್ಪಿಸಬೇಡ. ಅಣ್ಣ, ಅತ್ತಿಗೆಗೆ ನೆನಪು ಹೇಳು, ಲಿಖಿತಾಗೆ ಮುದ್ದು. ನಾಟಿ ಮುಗಿಯುವ ತನಕ ನಾನು ಅಲ್ಲಾಡುವ ಹಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಮಗಳು,
ಆಶಾ

ತಾ.ಕ.: ತೀರ್ಥಹಳ್ಳಿಗೆ ಹೊರಟಿರುವ ನಮ್ಮ ಡ್ರೈವರ್ ಉಮೇಶ್ ಕಾಗದಕ್ಕಾಗಿ ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಚೌಡಕ್ಕ ಬಂದು ಬಾಗಿಲಲ್ಲಿ ನಿಂತು, ‘ಅವ್ವಂಗೆ ಆಪರೇಷನ್ ಆಗಿ ಇಷ್ಟು ದಿನ ಆತು, ನೀನು ಹೋಗಿ ಮುಖ ತೋರ್ಸಿಲ್ಲಲ್ಲ ಆಶಾ. ನಾಳೆ ಹೋಗು. ನಿನ್ ಪಾಳಿ ನಂದು’ ಎಂದಳು. ಯುಗಾದಿಯಿಂದ ಈಚೆಗೆ ಇಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಆಫೀಸಿನ ಬೀಗದಕೈ ಅವಳಿಗೆ ಕೊಟ್ಟಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ ಅವ್ವಾ, ಎರಡು ದಿನ ಇರುತ್ತೇನೆ.