ಕರಗದ ಐಸ್

ನವೆಂಬರ್ ೧೪, ಗುರುವಾರ. ಡೋಂಗ್ ಥಾಪ್.

ಎರಡು ಸಲ ಕಾಲು ತೊಳೆದರೂ ಕೆಸರಿನ ವಾಸನೆ ಹೋಗಿಲ್ಲ. ಬೆಳಿಗ್ಗೆ ಸೈಗಾನ್‌ನ ಪ್ರಯೋಗಾಲಯದಿಂದ ವರದಿ ಬಂತು. ಗದ್ದೆಯಲ್ಲಿ ಬಾತು ಸಾಕುವ ಲುವಾನ್ ಮಾವನ ಹಿಂಡನ್ನು ಕೊಂದ ಹಕ್ಕಿಜ್ವರದ ವೈರಸ್ಸು ಮೈಮೇಲಿನ ಪ್ರೋಟೀನನ್ನು ಬದಲಿಸಿಕೊಂಡಿದೆ. ಆ ಪ್ರೋಟೀನು ಐನೂರಕ್ಕೂ ಹೆಚ್ಚು ಮಣಿಗಳ ಸರವಿದ್ದಂತೆ; ಅದರಲ್ಲಿ ಎರಡೇ ಮಣಿ ಬೇರೆ. ಅಷ್ಟಕ್ಕೇ ಲಸಿಕೆ ಹಾಕಿಸಿಕೊಂಡ ಬಾತುಗಳಿಗೂ ಅದರ ಗುರುತು ಸಿಗಲಿಲ್ಲ. ವರ್ಷವರ್ಷ ಅದೇ ಲಸಿಕೆ ಚುಚ್ಚಿಸಿ ಹಳೆಯ ವೈರಸ್ಸನ್ನು ತಡೆದವರು ನಾವು. ಹಳೆಯದಿಲ್ಲದ ಗದ್ದೆಯೆಲ್ಲ ಬದಲಾದದ್ದಕ್ಕೆ ಎದುರಾಳಿಯಿಲ್ಲದೆ ಸಿಕ್ಕಿತು.

ಹೋದ ವಾರ ನಾನು ಮಾವನಿಗೆ ಹೇಳಿ ಬಂದದ್ದೇ ಬೇರೆ: "ದೋಣೀಲಿ ತರುವಾಗ ಲಸಿಕೆ ಪೆಟ್ಟಿಗೆಯ ಐಸ್ ಕರಗಿದೆ, ಲಸಿಕೆ ಕೆಟ್ಟಿದೆ." ತಂದವರು ಮಾವನ ಹೆಂಡತಿ, ಥೋವಾ ಅತ್ತೆ. ಒಂಬೈನೂರು ಬಾತು ಹೂತ ಮೇಲೆ ಮಾವ ಅವರ ಜೊತೆ ಊಟಕ್ಕೆ ಕೂತಿಲ್ಲವಂತೆ.

ಇವತ್ತು ಹೋಗಿ ತಪ್ಪು ಒಪ್ಪಿಕೊಂಡೆ. ಮಾವ ಚಹಾದ ಲೋಟ ಕೆಳಗಿಟ್ಟರು.

"ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲಮ್ಮ?"

ಲಸಿಕೆ ಹಾಕಿದ ಬಾತು ಸತ್ತರೆ ನಾವು ಪಶುವೈದ್ಯರೆಲ್ಲ ಮೊದಲು ಹೇಳುವುದು ಅದನ್ನೇ. ಬಹಳ ಸಲ ನಿಜವೂ ಇರುತ್ತದೆ.

ಥೋವಾ ಅತ್ತೆ ಮೀನು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಐಸ್ ಗಟ್ಟಿಯಾಗೇ ಇತ್ತು ಅಂತ ಇವರಿಗೆ ಅವತ್ತೇ ಹೇಳಿದ್ದೆ. ಆಮೇಲೆ ಡಾಕ್ಟ್ರು ನೀವೇ ಹೇಳಿದ್ರಲ್ಲ, ನನಗೂ ಕರಗಿತ್ತು ಅಂತಲೇ ನೆನಪಾಗೋಕೆ ಶುರುವಾಯ್ತು," ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಕಣ್ಣು ಎಳೆಯುತ್ತಿದೆ. ನಾಳೆ ಇನ್ನೂ ಮೂರು ಮನೆಗೆ ಹೋಗಬೇಕು. ಅಲ್ಲೂ ಐಸ್ ಕರಗಿದೆ ಎಂದೇ ಹೇಳಿ ಬಂದಿದ್ದೇನೆ.